ಮನೆಗೆ ನೆರಳು, ಕೆಲಸದವರಿಗೆ ತಗಡು



ಕಳೆದ ಏಪ್ರಿಲ್ ತಿಂಗಳಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತಾನು ಹೊಸದಾಗಿ ಕಟ್ಟಿಸಿದ ಮನೆಯನ್ನು ನೋಡಲೇಬೇಕೆಂದು ಒತ್ತಾಯಿಸಿ ನನ್ನನ್ನು ಕಾರಿನಲ್ಲಿ ಕರೆದೊಯ್ದನು. ಎರಡು ಅಂತಸ್ತಿನ ಭರ್ಜರಿ ಮನೆ. ಮೂರು ಮಲಗುವ ಕೋಣೆಗಳಿಗೆ ಮೂರು ಎ.ಸಿ.ಗಳು. ಮನೆಯ ಹಿಂದೆಯೇ ಅವನ ವರ್ಕ್‌ಶಾಪು. ಗೇಟು, ಕಿಟಕಿ, ಬೀರುಗಳನ್ನು ತಯಾರಿಸುವ ಉದ್ದನೆಯ ಶೆಡ್ಡು. ತಲೆಗೆ ತಾಗುವಂತಿದ್ದ ತಗಡಿನ ಮಾಡಿನ ಕೆಳಗೆ ಆರು ಮಂದಿ ಕೆಲಸ ಮಾಡುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಯ ಸಮಯ. ಒಳಗೆ ಕಾಲಿಟ್ಟ ನನಗೆ ಐದು ನಿಮಿಷ ನಿಲ್ಲುವುದೂ ಕಷ್ಟವಾಯಿತು. "ಏನಯ್ಯಾ, ಇವರು ಇಲ್ಲಿ ಹೇಗೆ ಇರುತ್ತಾರೆ?" ಎಂದು ಕೇಳಿದೆ. ಅವನು ನಗುತ್ತಲೇ, "ಅವರಿಗೆ ಅಭ್ಯಾಸವಾಗಿಬಿಟ್ಟಿದೆ, ಸಾರ್" ಎಂದನು.

ಅಂದು ನಾನು ಮಾತಾಡಲಿಲ್ಲ. ಅವನ ಮನೆಯಲ್ಲಿ ಮಜ್ಜಿಗೆ ಕುಡಿದು ಹಿಂದಿರುಗಿದೆ. ಅಂದು ಕೊಡದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ. ಅವನ ಹೆಸರು ಇಲ್ಲಿ ಬೇಡ. ಓದಿದಾಗ ಅವನಿಗೆ ತಿಳಿಯುತ್ತದೆ. ಅವನೊಬ್ಬನಿಗೇ ಹೇಳುವ ಮಾತೂ ಇದಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಗ್ಯಾರೇಜು, ಗಿರಣಿ, ಮರಗೆಲಸದ ಶೆಡ್ಡುಗಳ ಒಡೆಯರಾದವರು ಅನೇಕರಿದ್ದಾರೆ.

ಮೊದಲಿಗೆ "ಅಭ್ಯಾಸ" ಎಂಬ ಮಾತನ್ನೇ ಪರೀಕ್ಷಿಸೋಣ. ಅದರಲ್ಲಿ ಅರ್ಧ ಸತ್ಯವಿದೆ. ಬಿಸಿಲಿನಲ್ಲಿ ಒಂದೆರಡು ವಾರ ದುಡಿದ ದೇಹವು ಬೇಗ ಬೆವರುವುದನ್ನೂ ಬೆವರಿನಲ್ಲಿ ಉಪ್ಪನ್ನು ಉಳಿಸಿಕೊಳ್ಳುವುದನ್ನೂ ಕಲಿಯುತ್ತದೆ. ಆದರೆ ಅದರಾಚೆಗೆ ಕಲಿಯುವುದಕ್ಕೆ ಒಂದು ಮಿತಿಯಿದೆ. ದೇಹದ ಒಳಗಿನ ಶಾಖವು ಸುಮಾರು 37 ಡಿಗ್ರಿಯಲ್ಲಿಯೇ ನಿಲ್ಲಬೇಕು; ಒಡೆಯನ ದೇಹಕ್ಕೂ ಕೂಲಿಯವನ ದೇಹಕ್ಕೂ ಒಂದೇ ಅಂಕಿ. ಒಂದು ಗ್ರಾಂ ಬೆವರು ಆರಿದರೆ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆಂದು ಎಂಟನೆಯ ತರಗತಿಯಲ್ಲಿ ನಿಮಗೆ ಹೇಳಿದ್ದೆ. ಆರದೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಪ್ರಯೋಜನವಿಲ್ಲ. ಗಾಳಿಯಾಡದ ಶೆಡ್ಡಿನಲ್ಲಿ ಬೆವರು ತೊಟ್ಟಿಕ್ಕುತ್ತಲೇ ಇರುತ್ತದೆ. ಆ ಆರು ಜನರಿಗೆ ಅಭ್ಯಾಸವಾಗಿರುವುದು ಬಾಯಿಮುಚ್ಚಿಕೊಂಡು ಸಹಿಸುವುದು ಮಾತ್ರ.

ಇಷ್ಟು ಕಟುವಾಗಿ ಬರೆಯುವ ಹಕ್ಕು ನನಗಿದೆಯೇ ಎಂದು ಕೇಳಿದರೆ, ನಾನೂ ಇದೇ ಮಾತನ್ನು ಆಡಿದವನು ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

1984ರಲ್ಲಿ ಚಳ್ಳಕೆರೆಯ ಹೊರವಲಯದ ನಿವೇಶನದಲ್ಲಿ ನಾನು ಮನೆ ಕಟ್ಟಲು ಆರಂಭಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು. ಗುತ್ತಿಗೆದಾರನಿಗೆ ಕೊಡಲು ಹಣವಿರಲಿಲ್ಲ. ಇಬ್ಬರು ಗಾರೆಯವರು, ಒಬ್ಬ ಬಡಗಿ, ಉಳಿದ ಕೆಲಸಕ್ಕೆ ನಾನು, ನನ್ನ ಹೆಂಡತಿ ಮತ್ತು ತಮ್ಮ. ರಜೆಯಲ್ಲಿ ಬಂದು ಇಟ್ಟಿಗೆ ಹೊತ್ತವರೂ ನಿಮ್ಮಲ್ಲಿದ್ದೀರಿ. ಇಂದಿನ ದಿನಗಳಲ್ಲಾಗಿದ್ದರೆ ಅದಕ್ಕಾಗಿ ನನ್ನ ಮೇಲೆ ದೂರು ದಾಖಲಾಗುತ್ತಿತ್ತು! ಮನೆ ತಂಪಾಗಿರಬೇಕೆಂದು ನಾನು ಬಹಳ ಯೋಚಿಸಿದ್ದೆ. ಒಂದೂವರೆ ಅಡಿ ದಪ್ಪದ ಗೋಡೆ, ಮರದ ಹಲಗೆಯ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು, ಪಶ್ಚಿಮಕ್ಕೆ ಅಗಲವಾದ ಜಗಲಿ. ಆದರೆ ಬಾಗಿಲು ಕಿಟಕಿಗಳನ್ನು ಮಾಡಲು ನಿವೇಶನದ ಮೂಲೆಯಲ್ಲಿ ಮೊದಲು ಒಂದು ಶೆಡ್ಡು ಬೇಕಾಯಿತು. ಅದಕ್ಕೆ ನಾನು ಅರ್ಧ ಗಳಿಗೆಯೂ ಯೋಚಿಸಲಿಲ್ಲ. ನಾಲ್ಕು ಕಂಬ ನೆಟ್ಟು, ಏಳು ಅಡಿ ಎತ್ತರದಲ್ಲಿ ತಗಡು ಹೊದಿಸಿ, ಮರ ಕಳುವಾಗದಿರಲೆಂದು ಮೂರು ಕಡೆ ಅದೇ ತಗಡಿನಿಂದ ಮುಚ್ಚಿದೆ.

1985ರ ಏಪ್ರಿಲ್ ಕೊನೆಯ ವಾರದಲ್ಲಿ ಬಡಗಿಯು ಉಳಿ ಹಿಡಿದಂತೆಯೇ ಕುಸಿದುಬಿದ್ದನು. ಎರಡು ದಿನಗಳ ಹಿಂದೆಯಷ್ಟೇ ನನ್ನ ಹೆಂಡತಿ, "ಆ ಶೆಡ್ಡಿನಲ್ಲಿ ಕಾವು ಜಾಸ್ತಿ ಅಲ್ಲವೇ?" ಎಂದಾಗ ನಾನು ಕೊಟ್ಟ ಉತ್ತರ, "ಅವನಿಗೆ ಅಭ್ಯಾಸವಿದೆ ಬಿಡು." ಎತ್ತಿನಗಾಡಿಯಲ್ಲಿ ಅವನನ್ನು ಆಸ್ಪತ್ರೆಗೆ ಸಾಗಿಸಿದೆವು. ಜೀವಕ್ಕೆ ಅಪಾಯವಾಗಲಿಲ್ಲ. ಐದು ದಿನಗಳ ನಂತರ ಅವನು ಮತ್ತೆ ಬಂದನು. ನನ್ನೊಡನೆ ಒಂದು ಮಾತನ್ನೂ ಆಡದೆ ಶೆಡ್ಡಿನೊಳಗಿದ್ದ ತನ್ನ ಹತ್ತರಿ, ಉಳಿ, ಗರಗಸಗಳನ್ನೆಲ್ಲ ಹೊರಗೆ ತಂದು ಬೇವಿನ ಮರದ ಕೆಳಗೆ ಹರಡಿಕೊಂಡು ಕುಳಿತನು. ಉಳಿದ ಅಷ್ಟೂ ಕೆಲಸವನ್ನು ಅವನು ಮರದ ಕೆಳಗೇ ಮುಗಿಸಿದನು. ವಿಜ್ಞಾನ ಬೋಧಿಸಲು ಸಂಬಳ ಪಡೆಯುತ್ತಿದ್ದವನು ನಾನು. ಶಾಖದ ಪಾಠ ಹೇಳಿಕೊಟ್ಟವನು ಅವನು.

ಆ ಪಾಠವನ್ನು ಲೆಕ್ಕದ ರೂಪದಲ್ಲಿ ಹೇಳುವೆನು. ಮೋಡವಿಲ್ಲದ ನಡುಹಗಲಿನಲ್ಲಿ ಒಂದು ಚದರ ಮೀಟರು ಜಾಗದ ಮೇಲೆ ಸುಮಾರು 1000 ವಾಟ್‌ನಷ್ಟು ಬಿಸಿಲು ಬೀಳುತ್ತದೆ. ನಮ್ಮ ಗಾರೆಯವರು ಹೇಳುವ ಒಂದು ಚದರ, ಅಂದರೆ ನೂರು ಚದರಡಿ ಮಾಡಿನ ಮೇಲೆ ಒಂಬತ್ತು ಸಾವಿರ ವಾಟ್‌ಗೂ ಹೆಚ್ಚು. ಸಾವಿರ ವಾಟಿನ ಒಂಬತ್ತು ಇಸ್ತ್ರಿಪೆಟ್ಟಿಗೆಗಳನ್ನು ಹಚ್ಚಿ ನಿಮ್ಮ ತಲೆಯ ಮೇಲೆ ಸಾಲಾಗಿ ಇಟ್ಟಂತೆ! ಅದೆಲ್ಲವೂ ಒಳಗೆ ಇಳಿಯುವುದಿಲ್ಲ ನಿಜ. ಎಷ್ಟು ಇಳಿಯುತ್ತದೆಂಬುದನ್ನು ನಿರ್ಧರಿಸುವುದು ಮಾಡು. ಚಳ್ಳಕೆರೆ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯನು ಇಲ್ಲಿ ನೆತ್ತಿಯ ಮೇಲಿರುತ್ತಾನೆ. ಆ ಬಳಿಕ ಆಗಸ್ಟ್ ನಡುವಿನವರೆಗೆ ನಡುಹಗಲಿನಲ್ಲಿ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಆದ್ದರಿಂದ ಬೇಸಗೆಯಲ್ಲಿ ನಮ್ಮ ವೈರಿಗಳು ಮೊದಲು ಮಾಡು, ನಂತರ ಪಶ್ಚಿಮದ ಗೋಡೆ. ಮನೆ ಕಟ್ಟುವ ಮುನ್ನ ಆಯ, ವಾಸ್ತುಗಳನ್ನು ಹತ್ತು ಜನರಲ್ಲಿ ವಿಚಾರಿಸುವ ನೀವು, ಸಂಜೆ ನಾಲ್ಕು ಗಂಟೆಯ ಬಿಸಿಲು ಯಾವ ಗೋಡೆಗೆ ಬೀಳುತ್ತದೆಂದು ಒಮ್ಮೆಯಾದರೂ ನಿವೇಶನದಲ್ಲಿ ನಿಂತು ನೋಡಿದ್ದೀರಾ?

ತಗಡಿನ ಸ್ವಭಾವವನ್ನೂ ತಿಳಿದುಕೊಳ್ಳಬೇಕು. ಹೊಳೆಯುವ ಸತುವಿನ ತಗಡು ಬಿಸಿಲನ್ನು ಒಂದಿಷ್ಟು ಹಿಂದಕ್ಕೆ ಎಸೆಯುತ್ತದೆ. ಆದರೆ ಹೀರಿಕೊಂಡ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದರಲ್ಲಿ ಅದು ಮಹಾ ಜಿಪುಣ. ಹಾಗಾಗಿ ಕಾಯುತ್ತಲೇ ಹೋಗಿ 60 ಡಿಗ್ರಿಯನ್ನು ಮುಟ್ಟುವುದು, ದಾಟುವುದು ಸಾಮಾನ್ಯ. ದಪ್ಪವೇ ಇಲ್ಲದ ವಸ್ತುವಾದ್ದರಿಂದ ಹೊರಗಿನ ಕಾವು ಕೆಲವೇ ನಿಮಿಷಗಳಲ್ಲಿ ಒಳಮೈಯಲ್ಲಿರುತ್ತದೆ. ಅಲ್ಲಿಂದ ಅದು ಗಾಳಿಯನ್ನು ಕಾಯಿಸುವುದಲ್ಲದೆ ಒಲೆಯ ಕೆಂಡದಂತೆ ನೇರವಾಗಿ ಕೆಳಗಿನವರ ನೆತ್ತಿಗೂ ಹೆಗಲಿಗೂ ಶಾಖವನ್ನು ಸೂಸುತ್ತದೆ. ಫ್ಯಾನು ತಿರುಗಿಸಿದರೆ ಈ ಸೂಸುವಿಕೆ ನಿಲ್ಲುವುದಿಲ್ಲ.

ಕಾಂಕ್ರೀಟು ತಾರಸಿ ಇನ್ನೊಂದು ಬಗೆಯ ಮೋಸ. ನಾಲ್ಕೈದು ಅಂಗುಲದ ತಾರಸಿಯು ಮಧ್ಯಾಹ್ನದ ಕಾವನ್ನು ಮೂರು ನಾಲ್ಕು ಗಂಟೆ ತಡೆದು, ಸರಿಯಾಗಿ ನೀವು ಮನೆಗೆ ಮರಳಿ ಮಲಗುವ ಹೊತ್ತಿಗೆ ಒಳಗೆ ಇಳಿಸುತ್ತದೆ. ನಾನು ಹುಟ್ಟಿದ ಹಳ್ಳಿಯ ಮಾಳಿಗೆ ಮನೆಯಲ್ಲಿ ತೊಲೆ, ಜಂತೆಗಳ ಮೇಲೆ ಒಂದೂವರೆ ಅಡಿ ಮಣ್ಣಿತ್ತು. ಅದು ಕಾವನ್ನು ಹತ್ತು ಹನ್ನೆರಡು ಗಂಟೆ ತಡೆಯುತ್ತಿತ್ತು. ಅಷ್ಟರೊಳಗೆ ರಾತ್ರಿಯ ತಂಪು ಬಂದು ಅದನ್ನು ಮೇಲಿನಿಂದಲೇ ಎಳೆದುಕೊಳ್ಳುತ್ತಿತ್ತು. ಹಾಗೆಂದು ಎಲ್ಲರೂ ಮಾಳಿಗೆ ಮನೆಗೆ ಹಿಂದಿರುಗಿರೆಂದು ನಾನು ಹೇಳಲಾರೆ. ಪ್ರತಿವರ್ಷ ಮಳೆಗೆ ಮುಂಚೆ ಮಾಳಿಗೆ ಹತ್ತಿ ಮಣ್ಣು ಹಾಕಿ ಬಡಿದವಳು ನನ್ನ ತಾಯಿ. ಸೋರುವ ಮನೆಯಲ್ಲಿ ರಾತ್ರಿಯೆಲ್ಲ ಪಾತ್ರೆ ಇಟ್ಟು ಕಾದವರೂ ನಾವೇ. ಗೆದ್ದಲು, ಚೇಳು, ಇಲಿಗಳನ್ನು ಮರೆತು ಹಳೆಯದನ್ನು ಹೊಗಳುವುದು ಅಪ್ರಾಮಾಣಿಕತೆ.

ಆದರೆ ಹಳೆಯ ಮನೆಯೊಂದಿಗೆ ಅದರೊಳಗಿನ ವಿವೇಕವನ್ನೂ ಏಕೆ ಕೆಡವಿದೆವು? ಮಣ್ಣಿನದೆಲ್ಲ ಕಚ್ಚಾ, ಸಿಮೆಂಟಿನದೆಲ್ಲ ಪಕ್ಕಾ ಎಂಬ ನಂಬಿಕೆ ನಮ್ಮ ತಲೆಯಲ್ಲಿ ಕುಳಿತಿದೆ. ಹೆಣ್ಣು ಕೊಡುವವರೂ ಅದನ್ನೇ ನೋಡುತ್ತಾರೆ. ಹೊಸ ಮಾರ್ಗಗಳು ಇರಲಿಲ್ಲವೆಂದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಗಳು ಮಳೆಗಾಲವನ್ನು ತಾಳಬಲ್ಲವೆಂದು ತೋರಿಸಿಕೊಟ್ಟಿತು. ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಅವರು ತಾರಸಿಯ ಕಾಂಕ್ರೀಟಿನ ನಡುವೆ ಹಳೆಯ ಹೆಂಚುಗಳನ್ನು ಹುದುಗಿಸಿ, ಸಿಮೆಂಟನ್ನೂ ಕಾವನ್ನೂ ಒಟ್ಟಿಗೇ ಕಡಿಮೆ ಮಾಡಿದರು. ಕೇಂದ್ರ ಸರಕಾರವು 2018ರಲ್ಲಿ ಹೊರಡಿಸಿದ 'ಇಕೋ ನಿವಾಸ್ ಸಂಹಿತಾ' ಮನೆಯ ಮಾಡಿನ ಮೂಲಕ ಶಾಖ ಎಷ್ಟು ಇಳಿಯಬಹುದೆಂಬುದಕ್ಕೆ ಒಂದು ಮಿತಿಯನ್ನೇ ಗೊತ್ತುಪಡಿಸಿತು. ಏನೂ ಹೊದಿಸದ ಬರಿಯ ಕಾಂಕ್ರೀಟು ತಾರಸಿ ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ.

"ಎ.ಸಿ. ಇರುವಾಗ ಇದೆಲ್ಲ ಯಾಕೆ, ಮಾವ?" ಎಂದು ನನ್ನ ಅಕ್ಕನ ಮಗ ಕೇಳುತ್ತಾನೆ. ಕೇಳು ಮಗೂ. ಒಂದೂವರೆ ಟನ್ನಿನ ಎ.ಸಿ. ತನ್ನ ಪೂರ್ಣ ಸಾಮರ್ಥ್ಯದಲ್ಲಿ ಕೋಣೆಯಿಂದ ಹೊರಗೆ ಸಾಗಿಸುವ ಶಾಖ ಸುಮಾರು 5300 ವಾಟ್. ಅದು ಶಾಖವನ್ನು ನಾಶಪಡಿಸುವುದಿಲ್ಲ. ತಾನು ಉಂಡ ವಿದ್ಯುತ್ತಿನ ಶಾಖವನ್ನೂ ಸೇರಿಸಿ ಓಣಿಗೆ ಸುರಿಯುತ್ತದೆ. ನಿನ್ನ ವಿದ್ಯಾರ್ಥಿಮಿತ್ರನ ಮನೆಯ ಎ.ಸಿ.ಯ ಹೊರಪೆಟ್ಟಿಗೆಗಳು ಮುಖ ಮಾಡಿದ್ದು ಎತ್ತ ಗೊತ್ತೇ? ಆ ತಗಡಿನ ಶೆಡ್ಡಿನತ್ತ. ಇದಲ್ಲದೆ, ಬಾಗಿಲಿಲ್ಲದ ಶೆಡ್ಡಿಗೆ, ಕುಲುಮೆಗೆ, ಗ್ಯಾರೇಜಿಗೆ ಎ.ಸಿ. ಹಾಕುವ ಪ್ರಶ್ನೆಯೇ ಇಲ್ಲ. ಆದ್ದರಿಂದ ತಂಪನ್ನು ಯಂತ್ರದಿಂದ ಮಾತ್ರ ಪಡೆಯಬಹುದೆಂದು ನಂಬಿದ ದಿನವೇ ನಾವು ದುಡಿಯುವವರನ್ನು ತಂಪಿನಿಂದ ಹೊರಗಿಟ್ಟೆವು.

ಕಾನೂನು ಇದನ್ನು ಕಾಣದೆ ಇರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ 13ನೆಯ ವಿಧಿಯು, ಗೋಡೆ ಮತ್ತು ಮಾಡುಗಳ ವಸ್ತು, ವಿನ್ಯಾಸಗಳು ಒಳಗಿನ ಕಾವನ್ನು ಸಾಧ್ಯವಾದಷ್ಟು ತಗ್ಗಿಸುವಂತಿರಬೇಕೆಂದು ಅಂದೇ ವಿಧಿಸಿತ್ತು. ಆದರೆ ಆ ಕಾಯ್ದೆ ವಿದ್ಯುತ್ ಬಳಸುವ ಕಡೆ ಹತ್ತು, ಬಳಸದ ಕಡೆ ಇಪ್ಪತ್ತು ಮಂದಿ ದುಡಿಯುವ ಸ್ಥಳಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆರು ಮಂದಿಯ ಶೆಡ್ಡನ್ನು ನೋಡಬೇಕಾದ್ದು ಇನ್‌ಸ್ಪೆಕ್ಟರ್ ಅಲ್ಲ, ಒಡೆಯನ ಅಂತಃಕರಣ.

ಏನು ಮಾಡಬೇಕು? 1985ರ ಮಳೆಗಾಲದಲ್ಲಿ ನಾನು ಮಾಡಿದ್ದನ್ನೇ ಹೇಳುತ್ತೇನೆ. ತಗಡನ್ನು ಬಿಚ್ಚಿ ಕಂಬಗಳನ್ನು ಹನ್ನೊಂದು ಅಡಿಗೆ ಏರಿಸಿದೆ. ಮಾಡಿನ ನೆತ್ತಿಯುದ್ದಕ್ಕೂ ಒಂದು ಗೇಣು ಬಿರುಕು ಬಿಟ್ಟು, ಮಳೆ ಬೀಳದಂತೆ ಅದರ ಮೇಲೊಂದು ಪುಟ್ಟ ಮಾಡನ್ನು ಇರಿಸಿದೆ. ಬಿಸಿಗಾಳಿ ಮೇಲಿನಿಂದ ಹೊರಟರೆ ತಂಪುಗಾಳಿ ಕೆಳಗಿನಿಂದ ಬರಲೇಬೇಕಲ್ಲವೇ? ಅದಕ್ಕಾಗಿ ಪೂರ್ವ ಮತ್ತು ಉತ್ತರದ ತಗಡನ್ನು ತೆಗೆದು, ಮೊಣಕಾಲೆತ್ತರದಿಂದ ಮೇಲಕ್ಕೆ ಜಾಲರಿ ಹಾಕಿಸಿದೆ. ತಗಡಿನ ಕೆಳಗೆ ಒಂದಡಿ ಅಂತರ ಬಿಟ್ಟು ಬಿದಿರಿನ ತಟ್ಟಿ ಕಟ್ಟಿ ಮಣ್ಣು ಮೆತ್ತಿಸಿದೆ. ತಗಡು ಸೂಸುವ ಕಾವು ತಟ್ಟಿಗೆ ತಾಗಿ ನಡುವಿನ ಗಾಳಿಯೊಡನೆ ಹೊರಟುಹೋಯಿತು. ಪಶ್ಚಿಮಕ್ಕೆ ಚಪ್ಪರದವರೆ ಬಳ್ಳಿ. ಇದಕ್ಕೆಲ್ಲ ತಗಲಿದ ಖರ್ಚು ಆಗಿನ ನನ್ನ ಎರಡು ತಿಂಗಳ ಸಂಬಳವನ್ನು ಮೀರಲಿಲ್ಲ. ಮೊದಲೇ ಯೋಚಿಸಿದ್ದರೆ ಅದರ ಅರ್ಧವೂ ಆಗುತ್ತಿರಲಿಲ್ಲ.

ಬೆಸುಗೆಯ ಕಿಡಿ ಹಾರುವ ಶೆಡ್ಡಿನಲ್ಲಿ ಬಿದಿರು ಬೇಡ, ಬೆಂಕಿಯ ಭಯವಿದೆ. ಅಲ್ಲಿ ತಗಡಿನ ಬದಲು ಎರಡು ಪದರ ಹೆಂಚು ಹಾಕಿಸಿರಿ. ತಗಡೇ ಇರಬೇಕೆಂದಾದರೆ ಅದರ ಮೇಲೆ ಬಿಳಿಯ ಬಣ್ಣ ಬಳಿಸಿರಿ. ತಗಡಿಗೆ ಸುಣ್ಣ ನಿಲ್ಲುವುದಿಲ್ಲ. ಆದರೆ ಮನೆಯ ಕಾಂಕ್ರೀಟು ತಾರಸಿಗೆ ಯುಗಾದಿಗೆ ಮುಂಚೆ ಅಂಟು ಬೆರೆಸಿದ ಸುಣ್ಣ ಬಳಿದರೆ ಸಾಕು. ಹೊಸ ಸುಣ್ಣ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ನಮ್ಮ ಒಣಹವೆಯ ಸೀಮೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮನೆಯ ಕಿಟಕಿಗಳನ್ನು ಮುಚ್ಚಿ ಸೂರ್ಯಾಸ್ತದ ಮೇಲೆ ತೆರೆಯಿರಿ. ಮಧ್ಯಾಹ್ನ "ಗಾಳಿ ಬರಲಿ" ಎಂದು ಕಿಟಕಿ ತೆರೆಯುವ ನನ್ನ ತಮ್ಮನೊಡನೆ ಈ ವಿಷಯದಲ್ಲಿ ನನಗೆ ನಲವತ್ತು ವರ್ಷಗಳಿಂದ ಜಗಳ ನಡೆದೇ ಇದೆ.

"ಮನೆ ಕಟ್ಟಿ ನೋಡು" ಎಂದರು ಹಿರಿಯರು. ನಾನು ಅದಕ್ಕೆ ಸೇರಿಸುವುದಿಷ್ಟೇ: ಮೊದಲು ಶೆಡ್ಡು ಕಟ್ಟಿ ನೋಡು. ಯಾರೂ ನಿನ್ನನ್ನು ಹೊಗಳದ, ಗೃಹಪ್ರವೇಶಕ್ಕೆ ಬಂದವರು ಇಣುಕಿಯೂ ನೋಡದ ಆ ಮಾಡನ್ನು ಹೇಗೆ ಹೊದಿಸುವೆ ಎಂಬುದರಲ್ಲಿ ನಿನ್ನ ಓದು, ನಿನ್ನ ಗುಣ ಎರಡೂ ತಿಳಿಯುತ್ತವೆ.

ಕೊನೆಯದಾಗಿ ಆ ನನ್ನ ವಿದ್ಯಾರ್ಥಿಗೆ ಒಂದು ಮನೆಗೆಲಸ. ಬರುವ ಬೇಸಗೆಯಲ್ಲಿ ಒಂದು ದಿನ, ಊಟವಾದ ಮೇಲೆ ಎರಡರಿಂದ ಮೂರು ಗಂಟೆಯವರೆಗೆ ನಿನ್ನ ಶೆಡ್ಡಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಕುಳಿತುಕೋ. ಮೊಬೈಲು ಬೇಡ, ಫ್ಯಾನು ಬೇಡ. ಆಮೇಲೆ ನನಗೆ ಫೋನು ಮಾಡು. ಅಭ್ಯಾಸವಾಯಿತೆಂದು ಹೇಳಿದರೆ ಈ ಲೇಖನವನ್ನು ನಾನೇ ಅಳಿಸಿಹಾಕುವೆನು. ಆಗಲಿಲ್ಲವೆಂದರೆ, ಹೆಂಚಿನ ಲೆಕ್ಕ ಹಾಕಿಕೊಡಲು ನಾನೇ ಬರುತ್ತೇನೆ. ಎಂಬತ್ತು ವರ್ಷವಾದರೂ ಅಳತೆ ಪಟ್ಟಿ ಹಿಡಿಯುವ ಕೈ ಇನ್ನೂ ನಡುಗುತ್ತಿಲ್ಲ.



ನಿಮ್ಮ ಹಳೆಯ ವಿಜ್ಞಾನದ ಮೇಷ್ಟ್ರು