ಕಾರಾಪುರದ ಸಾಬು ನಮ್ಮವನಲ್ಲವೇ?

‘ಎಲಿಫೆಂಟ್ ಬಾಯ್’ ಚಿತ್ರವನ್ನು ಹಂಪಾಪುರದಲ್ಲಿ ಒಂದು ಸಂಜೆ ಪರದೆ ಕಟ್ಟಿ ತೋರಿಸೋಣ ಎಂದದ್ದಕ್ಕೆ ನಮ್ಮ ಕಡೆಯ ಓದಿಕೊಂಡವರೇ ಕೆಲವರು ಬೇಡ ಎಂದಿದ್ದಾರೆ. ಅವರ ಮಾತುಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದ್ದರಿಂದ ಒಂದೊಂದನ್ನೇ ಎತ್ತಿಕೊಂಡು ಉತ್ತರ ಕೊಡುತ್ತೇನೆ.

ಚಿತ್ರದ ಸಂಗತಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಹಂಪಾಪುರದಿಂದ ಹೊರಟು ಕೋಟೆ, ಅಂತರಸಂತೆ ದಾಟಿ ಹೋದರೆ ಕಾರಾಪುರ. 1924ರಲ್ಲಿ ಅಲ್ಲಿ ಹುಟ್ಟಿದ ಸಾಬು ಅರಮನೆಯ ಮಾವುತನ ಮಗ. ಚಿಕ್ಕಂದಿನಲ್ಲೇ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡು ಮಹಾರಾಜರ ಆನೆ ಲಾಯದಲ್ಲಿ ಬೆಳೆಯುತ್ತಿದ್ದ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದಾಗ, ಅವರ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಈ ಹುಡುಗ ಬಿದ್ದ. ಅರಮನೆಯ ಆನೆ ಐರಾವತದ ಜೊತೆ ಅವನನ್ನು ನಿಲ್ಲಿಸಿ ತೆಗೆದ ಚಿತ್ರ 1937ರಲ್ಲಿ ತೆರೆಗೆ ಬಂತು. ತಂದೆಯನ್ನು ಹುಲಿ ಕೊಂದ ಮೇಲೆ ತನ್ನ ಆನೆಯನ್ನು ಉಳಿಸಿಕೊಳ್ಳಲು ಅದರೊಂದಿಗೆ ಕಾಡು ಹೊಕ್ಕ ಹುಡುಗನ ಸಾಹಸವೇ ಕಥೆ.

ಮೊದಲ ಆಕ್ಷೇಪ: ಇದು ಬ್ರಿಟಿಷರ ಚಿತ್ರ, ಕಿಪ್ಲಿಂಗ್ ಕಥೆ, ಸಾಹೇಬರ ಹೊಗಳಿಕೆ. ಕಥೆ ಕಿಪ್ಲಿಂಗನದೇ, ಹಣ ಹಾಕಿದ್ದು ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ. ಆ ಕಂಪನಿ ಸಾಮ್ರಾಜ್ಯವನ್ನು ಕೊಂಡಾಡುವ ಚಿತ್ರಗಳನ್ನು ತೆಗೆದದ್ದೂ ನಿಜ. ಸಾಬುವನ್ನೇ ಹಾಕಿಕೊಂಡು 1938ರಲ್ಲಿ ತೆಗೆದ ‘ದಿ ಡ್ರಮ್’ ವಿರುದ್ಧ ಮುಂಬಯಿಯಲ್ಲಿ ಜನ ಬೀದಿಗಿಳಿದರು, ಇಳಿದದ್ದು ಸರಿಯಾಗಿಯೇ ಇತ್ತು. ‘ಎಲಿಫೆಂಟ್ ಬಾಯ್’ ಆ ಸಾಲಿಗೆ ಸೇರುವುದಿಲ್ಲ. ಇಲ್ಲಿ ಕಾಡಾನೆ ಹಿಡಿಯಲು ಬಂದ ಪೀಟರ್‌ಸನ್ ಸಾಹೇಬನಿಗೆ ಆನೆ ಹಿಂಡು ಎಲ್ಲಿದೆ ಎಂಬುದೇ ತಿಳಿಯದು. ಅವನ ಬಂದೂಕು, ಗುಡಾರ, ಆಳುಕಾಳು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಹಿಂಡನ್ನು ಕಾಣುವವನು ಹುಡುಗ, ಕಾಣಿಸುವುದು ಆನೆ. ಕೊನೆಗೆ ಶಿಬಿರವೆಲ್ಲ ತಲೆಬಾಗುವುದೂ ಹುಡುಗನಿಗೇ. ಇಂಗ್ಲಿಷ್ ನಟರಿಗೆ ಕಪ್ಪು ಬಣ್ಣ ಬಳಿದು ನಮ್ಮವರ ವೇಷ ಹಾಕಿಸಿದ್ದನ್ನು ಮಾತ್ರ ನಾನು ಸಮರ್ಥಿಸಲಾರೆ. ಅದು ನೋಡಲಿಕ್ಕೇ ಕಸಿವಿಸಿ. ಸಾಬು ಪಕ್ಕಕ್ಕೆ ಬಂದು ನಿಂತಾಗಲಂತೂ ಆ ವೇಷದ ಸುಳ್ಳು ಇನ್ನಷ್ಟು ಎದ್ದು ಕಾಣುತ್ತದೆ.

ಎರಡನೆಯದು ಹಳೆಯ ಆಕ್ಷೇಪ. ಇದನ್ನು ಎತ್ತಿದವರು ದೊಡ್ಡವರು, ಕಾದಂಬರಿಕಾರ ಗ್ರಹಾಂ ಗ್ರೀನ್. ಫ್ಲಾಹರ್ಟಿ ವರ್ಷಕ್ಕೂ ಮೇಲ್ಪಟ್ಟು ಇಂಡಿಯಾದಲ್ಲಿದ್ದು ತಂದದ್ದೇನು, ಹೊಳೆಯಲ್ಲಿ ಆನೆ ತೊಳೆಯುವ ದೃಶ್ಯ, ಒಂದಿಷ್ಟು ಸಂತೆ, ಕಾಡು, ವಿಗ್ರಹ, ಅಷ್ಟೇ ತಾನೆ ಎಂಬುದು ಅವರ ದೂರಿನ ಸಾರ. ನಿರ್ದೇಶಕ ಬೇಸಿಲ್ ರೈಟ್ ಸಿಲೋನಿನಲ್ಲಿ ಕೆಲವೇ ವಾರಗಳಲ್ಲಿ ಇದಕ್ಕಿಂತ ಹೆಚ್ಚನ್ನು ತಂದರೆಂದೂ ಅವರು ಬರೆದರು. ನಮ್ಮವರು ಇದನ್ನೇ ಈಗ ‘ಇದರಲ್ಲಿ ಏನೂ ಇಲ್ಲ’ ಎಂದು ಚಿಕ್ಕದು ಮಾಡಿ ಹೇಳುತ್ತಿದ್ದಾರೆ.

ಲಂಡನ್ನಿನಲ್ಲಿ ಕೂತವರಿಗೆ ಆನೆ ತೊಳೆಯುವುದು ‘ಅಷ್ಟೇ’ ಆಗಿರಬಹುದು. ನಮಗೆ ಹಾಗಲ್ಲ. ಹುಡುಗ ಸೊಂಡಿಲ ಮೇಲೆ ಕಾಲಿಟ್ಟು ಆನೆ ಏರುವಾಗ ಅವನ ಮೈಯಲ್ಲಿ ನಟನೆಯಿಲ್ಲ, ಅಭ್ಯಾಸವಿದೆ. ಅವನು ಮಾತಾಡಿದರೆ ಆನೆಯ ಕಿವಿ ನಿಲ್ಲುತ್ತದೆ. ಇದನ್ನು ಯಾರಿಂದಲೂ ಕಲಿಸಿ ಮಾಡಿಸಲು ಆಗದು. ಇನ್ನೊಂದು ಮಾತು. ಕಾರಾಪುರ, ಕಾಕನಕೋಟೆಗಳ ಆ ಕಾಡು ಈಗ ಹಾಗಿಲ್ಲ. ಕಾಡಾನೆಗಳನ್ನು ಅಟ್ಟಿ ಹಿಡಿಯುವ ಖೆಡ್ಡಾ ಕಾಕನಕೋಟೆಯಲ್ಲಿ ಕೊನೆಯ ಸಲ ನಡೆದದ್ದು 1971ರಲ್ಲಿ. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಮುಗಿದು, ಹೊಳೆಯ ಇಕ್ಕೆಲದ ಬಯಲು, ಖೆಡ್ಡಾ ನಡೆಯುತ್ತಿದ್ದ ಜಾಗ ಎಲ್ಲ ಹಿನ್ನೀರಿನಡಿ ಹೋಯಿತು. ಇವತ್ತು ಸಫಾರಿಗೆ ಬಂದವರು ಬೇಸಿಗೆಯಲ್ಲಿ ಹಿನ್ನೀರಿನ ದಂಡೆಗೆ ಇಳಿದ ಆನೆಗಳ ಫೋಟೊ ತೆಗೆಯುತ್ತಾರಲ್ಲ, ಆ ನೀರಿನ ಕೆಳಗಿರುವುದು ನಮ್ಮ ಅಜ್ಜಂದಿರು ತಿರುಗಾಡಿದ ನೆಲ. ಆ ಸೀಮೆ ಮುಳುಗುವ ಮುನ್ನ, 30ರ ದಶಕದಲ್ಲಿ, ಕ್ಯಾಮೆರಾ ಹಿಡಿದು ತಿಂಗಳುಗಟ್ಟಲೆ ಕಾದವರು ಎಷ್ಟು ಮಂದಿ? ಗ್ರೀನ್ ಹೇಳಿದ ‘ಅಷ್ಟೇ’ ನಮ್ಮ ಪಾಲಿಗೆ ಸಣ್ಣದಲ್ಲ.

ಮೂರನೆಯವರದು ಕಸುಬಿನ ಮಾತು: ಚಿತ್ರ ತೇಪೆ ಹಾಕಿದ್ದು, ಇಬ್ಬರು ನಿರ್ದೇಶಕರು, ಅರ್ಧ ಮೈಸೂರು, ಅರ್ಧ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋ. ಹೌದು. ಫ್ಲಾಹರ್ಟಿ ಸುಮಾರು 55 ಗಂಟೆಯಷ್ಟು ಫಿಲ್ಮ್ ತೆಗೆದರೂ ಕಥೆ ಕಟ್ಟಿರಲಿಲ್ಲ. ಹಣ ಹಾಕಿದವರಿಗೆ ತಾಳ್ಮೆ ಕೆಟ್ಟಿತು. ಅಲೆಕ್ಸಾಂಡರ್ ಕೊರ್ಡಾರ ತಮ್ಮ ಜೋಲ್ಟಾನ್ ಕೊರ್ಡಾ ಮಾತಿನ ದೃಶ್ಯಗಳನ್ನು ಸ್ಟುಡಿಯೋದಲ್ಲಿ ತೆಗೆದು ಸೇರಿಸಿದರು. ಚಿತ್ರದಲ್ಲಿ ಬರುವ ಆನೆಗಳ ಕುಣಿತದಲ್ಲೂ ಕೈಚಳಕವಿದೆ. ಇಷ್ಟೆಲ್ಲ ಗೊತ್ತಿದ್ದು ನೋಡಲು ಕೂತರೆ ಚಿತ್ರ ಕುಸಿದು ಬೀಳುತ್ತದೆ ಎಂದೇ ಅನ್ನಿಸಬೇಕು. ಬೀಳುವುದಿಲ್ಲ. ಎರಡು ಕೈ ಎರಡು ಕಡೆ ಎಳೆದ ಚಿತ್ರವನ್ನು ಆ ಹನ್ನೊಂದು ಹನ್ನೆರಡು ವರ್ಷದ ಹುಡುಗ ಒಬ್ಬನೇ ಹೆಗಲ ಮೇಲೆ ಹೊತ್ತು ದಡ ಮುಟ್ಟಿಸಿದ್ದಾನೆ. ಆರಂಭದಲ್ಲಿ ಅವನು ಕಲಿತ ಇಂಗ್ಲಿಷಿನಲ್ಲಿ ನೇರವಾಗಿ ನಮ್ಮನ್ನು ನೋಡಿ ಮಾತಾಡುತ್ತಾನಲ್ಲ, ಆ ಒಂದು ನಿಮಿಷವೇ ಸಾಕು. 1937ರ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ಇದೇ ತೇಪೆ ಚಿತ್ರದ ಇಬ್ಬರು ನಿರ್ದೇಶಕರಿಗೂ ಸೇರಿ ಬಂತು.

ಆನೆ ಮತ್ತು ಮಾವುತನ ನಂಟನ್ನು ಅತಿಯಾಗಿ ತೋರಿಸಿದ್ದಾರೆ, ಮಾವುತ ಸತ್ತರೆ ಆನೆ ದುಃಖದಲ್ಲಿ ಕೆರಳುವುದು ಸಿನಿಮಾದಲ್ಲಿ ಮಾತ್ರ ಎಂದೂ ಒಬ್ಬರು ಹೇಳಿದರು. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಈ ಮಾತಾಡಬಹುದೇ? ನಮ್ಮ ಬಳ್ಳೆ ಶಿಬಿರದ ಅರ್ಜುನ ಎಂಟು ಸಲ ದಸರಾ ಅಂಬಾರಿ ಹೊತ್ತವನು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ಅವನು ಸತ್ತಾಗ ಅವನ ಮಾವುತ ಆ ದೇಹದ ಮೇಲೆ ಬಿದ್ದು ಅತ್ತದ್ದನ್ನು ರಾಜ್ಯವೇ ಟಿವಿಯಲ್ಲಿ ನೋಡಿತು. ವೀರನಹೊಸಹಳ್ಳಿಯಲ್ಲಿ ದಸರಾ ಆನೆಗಳ ಗಜಪಯಣಕ್ಕೆ ಪೂಜೆ ನಡೆಯುವಾಗ ಆನೆಯ ಜೊತೆ ಮಾವುತ, ಕಾವಾಡಿಯ ಹೆಂಡತಿ ಮಕ್ಕಳೂ ಮೈಸೂರಿಗೆ ಹೊರಡುತ್ತಾರೆ. ಆ ಬಾಳನ್ನು ಬಲ್ಲವರಿಗೆ ಚಿತ್ರದಲ್ಲಿ ಅತಿ ಎನ್ನಿಸುವಂಥದ್ದೇನೂ ಇಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಕಾಡಾನೆಗಳನ್ನು ಅಟ್ಟಿ ಹಿಡಿಯುವುದನ್ನು ಸಾಹಸವೆಂದು ತೋರಿಸುವ ಚಿತ್ರವನ್ನು ಮಕ್ಕಳಿಗೆ ತೋರಿಸಬೇಕೆ? ಖೆಡ್ಡಾ ಕ್ರೂರವೇ. ಮರಿಗಳು ತಾಯಿಯಿಂದ ಅಗಲಿದವು, ಹಗ್ಗದ ಗಾಯದಿಂದ ಆನೆಗಳು ನರಳಿದವು. ಅದನ್ನು ಮುಚ್ಚಿಟ್ಟರೆ ನಮ್ಮ ಮಕ್ಕಳಿಗೆ ಅರ್ಧ ಇತಿಹಾಸವೇ ಉಳಿದೀತು. ತೋರಿಸೋಣ, ಪಕ್ಕದಲ್ಲಿ ನಿಂತು ಹೇಳೋಣ. ಅಟ್ಟುವ ಕೆಲಸಕ್ಕೆ ದುಡಿದ ಜೇನುಕುರುಬ, ಬೆಟ್ಟಕುರುಬರ ಹೆಸರು ಯಾವ ಮಹಾರಾಜನ ಶಿಕಾರಿ ವರ್ಣನೆಯಲ್ಲೂ ಮುಂದೆ ಬರಲಿಲ್ಲ ಎಂಬುದನ್ನೂ ಹೇಳೋಣ. ಹಾಡಿಯ ಹಿರಿಯರನ್ನೇ ಕರೆದು ಹೇಳಿಸಿದರೆ ಇನ್ನೂ ಒಳ್ಳೆಯದು.

ಸಾಬು ಅಮೆರಿಕಕ್ಕೆ ಹೋಗಿಬಿಟ್ಟ, ನಮಗೇನು ಸಂಬಂಧ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ತಂದೆ ತಾಯಿಯಿಲ್ಲದ ಹುಡುಗನನ್ನು ಕರೆದೊಯ್ದವರು ಚಿತ್ರ ತೆಗೆದವರು, ಹೋದದ್ದು ಅವನ ತಪ್ಪಲ್ಲ. 1944ರಲ್ಲಿ ಅಲ್ಲಿನ ಪೌರನಾದ, ಯುದ್ಧವಿಮಾನದಲ್ಲಿ ಗನ್ನರ್ ಆಗಿ ಶೌರ್ಯಪದಕ ಪಡೆದ, 1963ರಲ್ಲಿ 39ಕ್ಕೇ ತೀರಿಕೊಂಡ. ದುಡಿಯಲು ಊರು ಬಿಟ್ಟವರೆಲ್ಲ ಪರಕೀಯರಾದರೆ ನಮ್ಮ ಹೋಬಳಿಯಲ್ಲಿ ಉಳಿಯುವವರು ಯಾರು?

ಚಿತ್ರ ಇರುವುದು ಸುಮಾರು 80 ನಿಮಿಷ. ಇಂಗ್ಲಿಷ್ ಚಿತ್ರವಾದ್ದರಿಂದ ಒಬ್ಬರು ನಿಂತು ಕನ್ನಡದಲ್ಲಿ ಕಥೆ ಹೇಳುತ್ತ ಹೋಗಬೇಕು, ಆ ಕೆಲಸ ನಾನು ಮಾಡುತ್ತೇನೆ. ಹಂಪಾಪುರದಲ್ಲಿ ತೋರಿಸಿದ ಮೇಲೆ ಕೋಟೆ, ಹುಣಸೂರು, ಪಿರಿಯಾಪಟ್ಟಣದ ಶಾಲೆಗಳಿಗೂ ಕೊಂಡೊಯ್ಯೋಣ. ಬೇಡ ಎಂದವರು ದಯವಿಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತು ಪೂರ್ತಿ ನೋಡಿ. ಆಮೇಲೂ ಬೇಡ ಎನ್ನಿಸಿದರೆ ಅದೇ ಪರದೆಯ ಮುಂದೆ ನಿಂತು ಮಕ್ಕಳೆದುರಿಗೇ ಹೇಳಿ.