ಕ್ರೀಡಾಂಗಣದ ಚಿತ್ರ ಮತ್ತು ಹಕ್ಕಿನ ವೆಚ್ಚ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಕ್ರೀಡಾಂಗಣಗಳ ಪನೋರಮಾ ಛಾಯಾಚಿತ್ರಗಳು ಚೌಕಟ್ಟು ಹಾಕಿದ ಉಡುಗೊರೆಗಳಾಗಿ ಮಾರಾಟವಾಗುತ್ತವೆ. ಆರ್ಸೆನಲ್ ಕ್ಲಬ್ಬು 1913ರಿಂದ ಆಡಿದ ಹೈಬರಿ ಕ್ರೀಡಾಂಗಣವನ್ನು 2006ರಲ್ಲಿ ತೊರೆಯಿತು. ಅಲ್ಲೀಗ ವಸತಿ ಸಮುಚ್ಚಯವಿದೆ. ಅಭಿಮಾನಿಗೆ ಉಳಿದಿರುವುದು ಚಿತ್ರ ಮಾತ್ರ. ಆದ್ದರಿಂದ ಇಂತಹ ಸರಕಿನಲ್ಲಿ ಮರ, ಗಾಜುಗಳಿಗಿಂತ ನೆನಪಿಗೇ ಹೆಚ್ಚಿನ ಬೆಲೆ.

ಆದರೆ ಆ ನೆನಪಿನ ಗುರುತುಗಳ ಮೇಲೆ ಅನ್ಯರ ಹಕ್ಕಿರುತ್ತದೆ. ಹೈಬರಿಯ ಹೊರಗೆ 1970ರಿಂದ ಅಭಿಮಾನಿಗಳಿಗೆ ಸರಕು ಮಾರುತ್ತಿದ್ದ ಮ್ಯಾಥ್ಯೂ ರೀಡ್ ಎಂಬ ವ್ಯಾಪಾರಿ, ತಮ್ಮ ಸರಕು ಅಧಿಕೃತವಲ್ಲವೆಂದು ಫಲಕವನ್ನೇ ಹಾಕಿದ್ದರು. ಆದರೂ ಕ್ಲಬ್ಬಿನ ಹೆಸರು, ಲಾಂಛನಗಳ ಬಳಕೆಯ ವ್ಯಾಜ್ಯದಲ್ಲಿ ಐರೋಪ್ಯ ನ್ಯಾಯಾಲಯವು 2002ರಲ್ಲಿಯೂ, ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 2003ರಲ್ಲಿಯೂ ಕ್ಲಬ್ಬಿನ ಪರವಾಗಿ ತೀರ್ಪಿತ್ತವು.

ಇಂತಹ ಉಡುಗೊರೆಗಳನ್ನು ತಯಾರಿಸಬಯಸುವ ಕರ್ನಾಟಕದ ಸಣ್ಣ ಉದ್ದಿಮೆದಾರರಿಗೂ ಇದು ಪಾಠ. ಭಾರತದಲ್ಲಿಯೂ ಛಾಯಾಚಿತ್ರಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯ, ನೋಂದಾಯಿತ ಲಾಂಛನಕ್ಕೆ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ ರಕ್ಷಣೆಯುಂಟು. ಒಂದಕ್ಕೆ ಪಡೆದ ಅನುಮತಿ ಮತ್ತೊಂದಕ್ಕೆ ಸಲ್ಲದು. ಆದ್ದರಿಂದ ಲಿಖಿತ ಪರವಾನಗಿಯನ್ನು ಮೊದಲು ಪಡೆದು, ರಾಯಲ್ಟಿಯನ್ನು ಮರ, ಗಾಜು, ಮುದ್ರಣಗಳ ಜೊತೆಗೇ ಉತ್ಪಾದನಾ ವೆಚ್ಚದಲ್ಲಿ ಸೇರಿಸಿ, ಅನಂತರವೇ ದರ ನಮೂದಿಸುವುದು ವಿವೇಕ. ಹಕ್ಕಿನ ವೆಚ್ಚವನ್ನು ಬಿಟ್ಟು ತೋರಿಸಿದ ಲಾಭವು ಮುಂದೊಂದು ದಿನ ಪರಿಹಾರದ ಹೊರೆಯಾಗಿ ಮರಳೀತು.