ಅಂಕಗಣಿತವೂ ಆಜ್ಞೆ ಕೇಳುವ ಆಟಿಗೆಯೂ

ಮೂರನೆಯ ತರಗತಿಯಿಂದಲೇ ಗಣಕೀಯ ಚಿಂತನೆಯನ್ನೂ ಕೃತಕ ಬುದ್ಧಿಮತ್ತೆಯ ಪರಿಚಯವನ್ನೂ 2026–27ರ ವರ್ಷದಿಂದ ಪಾಠಕ್ರಮದಲ್ಲಿ ಸೇರಿಸುವದಾಗಿ ಕೇಂದ್ರ ಸರಕಾರದ ಶಿಕ್ಷಣ ಇಲಾಖೆಯವರು 2025ರ ಅಕ್ಟೋಬರ ತಿಂಗಳಲ್ಲಿ ಪ್ರಕಟಿಸಿದರು. ಅದೇ 2026–27 ಇನ್ನೊಂದು ವಚನಕ್ಕೂ ಗಡುವಾಗಿರುವದೆಂಬದನ್ನು ನಮ್ಮ ವಾಚಕರು ಮರೆಯಲಾಗದು. ಮೂರನೆಯ ತರಗತಿಯನ್ನು ಮುಗಿಸುವ ಪ್ರತಿಯೊಂದು ಮಗುವೂ ಅರ್ಥ ತಿಳಿದು ಓದಬೇಕು, ಬರೆಯಬೇಕು, ಸಾದಾ ಲೆಕ್ಕವನ್ನು ಮಾಡಬೇಕು ಎಂದು 2021ರ ಜುಲೈ 5ರಂದು ಆರಂಭವಾದ ‘ನಿಪುಣ ಭಾರತ’ ಯೋಜನೆಯು ಗೊತ್ತುಪಡಿಸಿಕೊಂಡ ಅವಧಿಯೂ ಅದೇ. ಹಳೆಯ ಬಾಕಿ ಒಂದು ಕಡೆ, ಹೊಸ ಬೇಡಿಕೆ ಇನ್ನೊಂದು ಕಡೆ. ಎರಡೂ ಒಂದೇ ಮಗುವಿನ ಮುಂದೆ ಬಂದು ನಿಂತಿವೆ. ಕೇಂದ್ರದ ಪಾಠಕ್ರಮದಲ್ಲಿ ಇಂದು ಕಂಡದ್ದು ನಾಳೆ ರಾಜ್ಯದ ಶಾಲೆಗಳ ಬಾಗಿಲಿಗೆ ಬಂದೇ ಬರುವದು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಯ ಮಗುವು ಇವೆರಡನ್ನೂ ಹೇಗೆ ಹೊರಬೇಕು? ಈ ಪ್ರಶ್ನೆಗೆ ಈಗಲೇ ಉತ್ತರ ಹುಡುಕಿಕೊಳ್ಳದೆ ಹೋದರೆ, ಹೊಸ ವಿದ್ಯೆಯು ಪಟ್ಟಣದ ಮಕ್ಕಳ ಪಾಲಾಗಿ, ಹಳೆಯ ಬಾಕಿಯು ಮಾತ್ರ ನಮ್ಮ ಮಕ್ಕಳ ಪಾಲಿಗೆ ಉಳಿಯುವದು.

ಇವೆರಡೂ ಬೇರೆ ಬೇರೆ ಹೊರೆಗಳಲ್ಲ, ಶಾಲೆಯ ನೆಲದ ಮೇಲೆ ಒಂದೇ ಪಾಠವಾಗಬಲ್ಲವು ಎಂಬದು ನಮ್ಮ ಅಭಿಪ್ರಾಯ. ಅದಕ್ಕೆ ಸಾಧನವು ನೆಲದ ಮೇಲೆ ಹರಿಯುವ ಒಂದು ಸಣ್ಣ ರೋಬೋಟು. ಇದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. 1967ರಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಸೀಮೂರ್ ಪೇಪರ್ಟ್, ವಾಲಿ ಫೋಯರ್‌ಜೈಗ್, ಸಿಂಥಿಯಾ ಸಾಲೊಮನ್ ಎಂಬವರು ಮಕ್ಕಳಿಗಾಗಿ ‘ಲೋಗೋ’ ಎಂಬ ಗಣಕ ಭಾಷೆಯನ್ನು ಹುಟ್ಟುಹಾಕಿದರು. ಕೆಲವೇ ವರ್ಷಗಳಲ್ಲಿ ಆ ಭಾಷೆಯ ಆಜ್ಞೆಯನ್ನು ಕೇಳಿ ನೆಲದ ಮೇಲೆ ನಡೆಯುವ ಯಂತ್ರದ ಆಮೆಯೂ ಬಂದಿತು. ಇನ್ನೂ ಓದು ಬಾರದ ಕೂಸುಗಳಿಗಾಗಿ ರೇಡಿಯಾ ಪರ್ಲ್ಮನ್ ಎಂಬ ವಿದುಷಿಯು 1970ರ ದಶಕದಲ್ಲಿ ಅಕ್ಷರಗಳ ಬದಲು ಗುಂಡಿಗಳನ್ನೊತ್ತಿ ಆಮೆಯನ್ನು ನಡೆಸುವ ಉಪಾಯವನ್ನು ಕಂಡುಹಿಡಿದಳು. ಇಂಗ್ಲೆಂಡಿನ ಶಾಲೆಗಳಲ್ಲಿ ಬಳಕೆಗೆ ಬಂದಿರುವ ‘ಬೀ-ಬಾಟ್’ ಎಂಬ ಜೇನುಹುಳದಾಕಾರದ ಆಟಿಗೆಯು ಅದೇ ವಂಶದ್ದು. ಬೆನ್ನ ಮೇಲೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಎಂದು ತೋರಿಸುವ ನಾಲ್ಕು ಬಾಣದ ಗುಂಡಿಗಳು. ನಡುವೆ ‘ಹೊರಡು’ ಎಂಬದಕ್ಕೊಂದು ಗುಂಡಿ. ಒಂದು ಒತ್ತಿಗೆ ಅದು 15 ಸೆಂಟಿಮೀಟರು ಸರಿಯುವದು. ತಿರುಗೆಂದರೆ ನಿಂತಲ್ಲಿಯೇ ಕಾಲು ಸುತ್ತು ತಿರುಗುವದು. ಒತ್ತಿದ ಆಜ್ಞೆಗಳನ್ನೆಲ್ಲ ನೆನಪಿನಲ್ಲಿಟ್ಟುಕೊಂಡು, ‘ಹೊರಡು’ ಎಂದಾಗ ಒಂದೂ ಬಿಡದೆ ಕ್ರಮವಾಗಿ ನಡೆಸಿ ತೋರಿಸುವದು. ಕೋಡಿಂಗ್ ಎಂದು ಜನರು ಬೆರಗಾಗಿ ನುಡಿಯುವ ವಿದ್ಯೆಯ ಬೀಜವು ಇಷ್ಟೇ: ಮಾಡಬೇಕಾದ ಕೆಲಸವನ್ನು ಮೊದಲೇ ಮನಸ್ಸಿನಲ್ಲಿ ಬಿಡಿಸಿ, ತಪ್ಪಿಲ್ಲದ ಕ್ರಮದಲ್ಲಿ ಹೇಳುವದು.

ಇದರಿಂದ ಅಂಕಗಣಿತಕ್ಕೇನು ಲಾಭ? ನೆಲದ ಮೇಲೆ ಸುಣ್ಣದ ಗೆರೆಯೆಳೆದು ಒಂದರಿಂದ ಹತ್ತರವರೆಗೆ ಮನೆಗಳನ್ನು ಬರೆದು ಆಟಿಗೆಯನ್ನು ಮೂರರ ಮನೆಯಲ್ಲಿ ನಿಲ್ಲಿಸಿರಿ. ಏಳಕ್ಕೆ ಕಳಿಸೆಂದು ಮಗುವಿಗೆ ಹೇಳಿರಿ. ಅನೇಕ ಮಕ್ಕಳು ನಿಂತ ಮನೆಯನ್ನೂ ಎಣಿಕೆಗೆ ಹಿಡಿದು, ಮೂರು, ನಾಲ್ಕು, ಐದು, ಆರು, ಏಳು ಎಂದು ಐದು ಸಲ ಒತ್ತುವರು. ಆಟಿಗೆಯು ಏಳನ್ನು ದಾಟಿ ಎಂಟರಲ್ಲಿ ಹೋಗಿ ನಿಲ್ಲುವದು. ಇದೇ ತಪ್ಪು ಪಾಟಿಯ ಮೇಲೆ ಆಗಿದ್ದರೆ ಗುರುಗಳು ಅಡ್ಡಗೆರೆ ಹಾಕುತ್ತಿದ್ದರು. ಮಗುವು ತಲೆ ತಗ್ಗಿಸುತ್ತಿತ್ತು. ತಪ್ಪಿದ್ದು ಎಲ್ಲಿ ಎಂಬದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಬೈಯುವವರಿಲ್ಲ, ಹೊಡೆಯುವವರಿಲ್ಲ. ಒಂದು ಮನೆ ಹೆಚ್ಚಾಯಿತೆಂಬದು ಕಣ್ಣೆದುರಿಗೇ ಕಾಣುವದು. ಮಗುವು ತಾನಾಗಿಯೇ ತಿದ್ದಿಕೊಳ್ಳುವದು. ಕೂಡುವದೆಂದರೆ ಮುಂದೆ ನಡೆಯುವದು, ಕಳೆಯುವದೆಂದರೆ ಹಿಂದೆ ಸರಿಯುವದು, ಗುಣಿಸುವದೆಂದರೆ ಎರಡೆರಡು ಮೂರು ಮೂರು ಮನೆಗಳ ಜಿಗಿತ. ಆರು ಹೆಜ್ಜೆಗೆ ದೂರವೆಷ್ಟೆಂದು ಅಳತೆಯ ಪಟ್ಟಿ ಹಿಡಿದು ನೋಡಿದರೆ 90 ಸೆಂಟಿಮೀಟರು. ಅಳತೆಯ ಪಾಠವೂ ಅಲ್ಲಿಯೇ ಆಯಿತು. ಆಟಿಗೆಯು ತನ್ನೆದುರಿಗೆ ಮುಖ ಮಾಡಿ ನಿಂತಾಗ ಅದರ ಬಲವು ತನ್ನ ಎಡವೆಂದು ತಿಳಿಯುವ ಮಗುವಿಗೆ ಕೋನದ ಪಾಠವು ಅರ್ಧ ಬಂದಂತೆಯೇ ಸರಿ.

ಇದು ಪರದೇಶದ ಸರಕು, ನಮ್ಮ ನೆಲಕ್ಕೆ ಒಗ್ಗದು ಎನ್ನುವವರುಂಟು. ಯಂತ್ರವು ಪರದೇಶದ್ದಾಗಿರಬಹುದು, ಆಟವು ನಮ್ಮದೇ. ಕವಡೆ ಚೆಲ್ಲಿ ಬಿದ್ದ ಗರದಷ್ಟು ಮನೆಗಳನ್ನು ಸುತ್ತುವ ಚೌಕಾಬಾರ, ಒಂಟಿ ಕಾಲಿನಲ್ಲಿ ಮನೆ ದಾಟುವ ಕುಂಟೆಬಿಲ್ಲೆ ಇವನ್ನಾಡದ ಹಳ್ಳಿ ಯಾವದಿದೆ? ಗಣಿತವೂ ನಮಗೆ ಹೊಸದಲ್ಲ. ಕ್ರಿ. ಶ. 850ರ ಸುಮಾರಿಗೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದೇ ಕಾಲದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡಿನ ಊರುಗಳಲ್ಲಿ ಹೆಸರಿಸುವ ಕೊಪಣನಗರವು ಈ ಕೊಪ್ಪಳವೇ ಎಂದು ವಿದ್ವಾಂಸರು ಹೇಳುವರು. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಲೆಕ್ಕವನ್ನು ಕನ್ನಡದಲ್ಲಿ ಹೇಳಬಹುದೇ ಎಂಬ ಸಂಶಯವು ಎಂಟುನೂರು ವರ್ಷಗಳ ಹಿಂದೆಯೇ ಪರಿಹಾರವಾಗಿದೆ.

ಆದರೆ ಪೂರ್ವಜರ ಹಿರಿಮೆಯಿಂದ ಇಂದಿನ ಮಗುವಿನ ಮಗ್ಗಿ ಬಾಯಿಗೆ ಬಾರದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ 75ನ್ನು ಮೀರಿದ್ದಾಗ ಕೊಪ್ಪಳ ಜಿಲ್ಲೆಯದು 68ರಲ್ಲಿತ್ತು. ಹೆಣ್ಣುಮಕ್ಕಳದು 58ನ್ನೂ ಮುಟ್ಟಿರಲಿಲ್ಲ. ಅಂದು ಇದ್ದ ನಾಲ್ಕು ತಾಲೂಕುಗಳು ಇಂದು ಏಳಾಗಿವೆ. ಕಚೇರಿಗಳು ಹೆಚ್ಚಿದಂತೆ ಕಲಿಕೆಯೂ ಹೆಚ್ಚಬೇಕಲ್ಲವೇ? ತುಂಗಭದ್ರೆಯ ಕಾಲುವೆಯ ನೀರುಂಡ ಗಂಗಾವತಿಯ ಬತ್ತದ ಸೀಮೆಯ ಮಾತು ಬೇರೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಎರೆ ಮಸಾರಿ ಹೊಲಗಳ ಒಡೆಯರು ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕರೆದುಕೊಂಡು ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುವರು. ಮೂರು ತಿಂಗಳು ಶಾಲೆ ತಪ್ಪಿದ ಮಗುವು ಮರಳಿ ಬಂದಾಗ ತರಗತಿಯು ಹತ್ತು ಪಾಠ ಮುಂದೆ ಹೋಗಿರುವದು. ಇಂಥ ಮಗುವಿಗೆ ರೋಬೋಟು ತೋರಿಸುವದು ಹಸಿದವನಿಗೆ ಹೂಮಾಲೆ ಹಾಕಿದಂತಲ್ಲವೇ ಎಂದು ಕೇಳುವವರ ಮಾತನ್ನು ನಾವು ತಳ್ಳಿಹಾಕಲಾರೆವು. ಗುರುಗಳಿಲ್ಲದ ಶಾಲೆಗೆ ಯಂತ್ರವು ಗುರುವಾಗದು. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡು, ಮರುದಿನದಿಂದ ಕಪಾಟಿನಲ್ಲಿ ಧೂಳು ತಿನ್ನುವ ಸಾಮಾನುಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಆ ಪಟ್ಟಿಗೆ ಇನ್ನೊಂದು ಸೇರುವದಾದರೆ ಅದು ಬಾರದಿರುವದೇ ಮೇಲು.

ಆದುದರಿಂದ ಮೊದಲು ಮಗು, ಆಮೇಲೆ ಯಂತ್ರ. ಅಂಗಳದಲ್ಲಿ ಮನೆಗಳನ್ನು ಬರೆದು, ಒಂದು ಮಗುವನ್ನೇ ರೋಬೋಟಾಗಿ ನಿಲ್ಲಿಸಿ, ಇನ್ನೊಂದು ಮಗುವು ರಟ್ಟಿನ ಮೇಲೆ ಬಾಣಗಳನ್ನು ಬರೆದು ಆಜ್ಞೆ ಕೊಡಲಿ. ಹೇಳಿದಷ್ಟೇ ನಡೆಯಬೇಕು, ಹೇಳದ್ದನ್ನು ಮಾಡಬಾರದು, ನಿಯಮವಿಷ್ಟೇ. ಇದಕ್ಕೆ ಕಾಸು ಬೇಡ, ಕರೆಂಟು ಬೇಡ. ಗುಳೆಯಿಂದ ಮರಳಿದ ಮಗುವೂ ಮೊದಲ ದಿನವೇ ಆಟಕ್ಕೆ ಸೇರಬಹುದು. ಇದಕ್ಕೆ ಬುನಾದಿಯೂ ಸಿದ್ಧವಾಗಿಯೇ ಇದೆ. ಅಕ್ಷರ ಪ್ರತಿಷ್ಠಾನದವರು ಸರಕಾರದೊಡನೆ ನಡೆಸಿದ ‘ಗಣಿತ ಕಲಿಕಾ ಆಂದೋಲನ’ದಿಂದ ಕಲ್ಯಾಣ ಕರ್ನಾಟಕದ ಪ್ರಾಥಮಿಕ ಶಾಲೆಗಳಿಗೆ ಮಣಿಗಟ್ಟು, ದಾಳ, ನಾಣ್ಯ, ತಕ್ಕಡಿಗಳುಳ್ಳ ಪೆಟ್ಟಿಗೆಗಳು ಬಂದಿವೆ. ಮೊದಲು ವಸ್ತು, ಬಳಿಕ ಚಿತ್ರ, ಕೊನೆಗೆ ಅಂಕೆ ಎಂಬದೇ ಅದರ ಪದ್ಧತಿ. ನೆಲದ ರೋಬೋಟು ಆ ಪೆಟ್ಟಿಗೆಗೆ ಸವತಿಯಾಗಬಾರದು, ತಂಗಿಯಾಗಬೇಕು.

ಆಜ್ಞೆಯ ಭಾಷೆಯ ಮಾತು ಸಣ್ಣದಲ್ಲ. ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ಕನ್ನಡ ಕೂಸು ಮೇಲಿನ ವಿದ್ಯೆ ಬೇಕೆಂದರೆ ಮನೆಯ ಮಾತನ್ನು ಬಾಗಿಲ ಹೊರಗೆ ಬಿಟ್ಟು ಉರ್ದು ಕಲಿಯಬೇಕಾಗಿತ್ತು. 1948ರ ಸೆಪ್ಟೆಂಬರದಲ್ಲಿ ಆ ಆಳಿಕೆ ಮುಗಿಯಿತು. 1956ರಲ್ಲಿ ನಾಡು ಒಂದಾಯಿತು. ಈಗ ಯಂತ್ರದ ನೆವದಿಂದ ಇಂಗ್ಲಿಷಿನ ಹೊಸ ಸುಂಕದ ಕಟ್ಟೆಯನ್ನು ಆರು ವರ್ಷದ ಮಗುವಿನ ದಾರಿಯಲ್ಲಿ ಕಟ್ಟುವದು ನ್ಯಾಯವೇ? ‘ಮುಂದೆ ಹೋಗು, ಬಲಕ್ಕೆ ತಿರುಗು, ನಿಲ್ಲು’ ಎಂಬ ಆಜ್ಞೆಗಳು ಆಟಿಗೆಯ ಮೇಲೂ ಶಿಕ್ಷಕರ ಕೈಪಿಡಿಯಲ್ಲಿಯೂ ಕನ್ನಡದಲ್ಲಿರಲಿ. ಇಂಗ್ಲಿಷನ್ನು ಕಲಿಯುವ ಕಾಲ ಮುಂದೆ ಇದ್ದೇ ಇದೆ. ಯೋಚನೆಯ ಮೊದಲ ಹೆಜ್ಜೆಯನ್ನು ತಾಯ್ನುಡಿಯಲ್ಲಿ ಇಡಲಿ.

ಇನ್ನು ಈ ಆಟಿಗೆಯನ್ನು ಎಲ್ಲಿಂದ ತರುವದು? ನಮಗೆ ನಗುವೂ ಅಳುವೂ ಒಟ್ಟಿಗೆ ಬರುವ ಸಂಗತಿಯಿದು. ಕೊಪ್ಪಳದ ನೆರೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಬಣ್ಣ ಹಾಕಿ ಮಾಡುವ ಗೊಂಬೆಗಳು ಭೌಗೋಳಿಕ ಗುರುತನ್ನು ಪಡೆದು ಲೋಕಪ್ರಸಿದ್ಧವಾಗಿವೆ. ಭಾನಾಪುರದ ಬಳಿ 400 ಎಕರೆಗಳಲ್ಲಿ ಆಟಿಗೆಗಳ ಉದ್ಯಮನಗರಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು. ಲೋಕದ ಮಕ್ಕಳಿಗೆಲ್ಲ ಆಟಿಗೆ ಮಾಡಿಕೊಡಹೊರಟ ಜಿಲ್ಲೆಯು ತನ್ನ ಶಾಲೆಯ ಮಕ್ಕಳಿಗೆ ಒಂದು ಆಟಿಗೆಯನ್ನು ಮಾಡಿಕೊಡಲಾರದೇ? ಎರಡು ಗಾಲಿ, ಎರಡು ಸಣ್ಣ ಮೋಟಾರು, ಬ್ಯಾಟರಿ, ಐದಾರು ಗುಂಡಿ, ಅಂಗೈಗಿಂತ ಸಣ್ಣದಾದ ಒಂದು ಮಿದುಳಿನ ಹಲಗೆ. ಇದರೊಳಗಿನ ಗುಟ್ಟು ಇಷ್ಟೇ. ಒಡಲನ್ನು ಕಿನ್ನಾಳದವರು ಮಾಡಲಿ, ಒಳಗಿನ ಕೆಲಸವನ್ನು ಜಿಲ್ಲೆಯ ಪಾಲಿಟೆಕ್ನಿಕ್ ಮತ್ತು ಐ.ಟಿ.ಐ. ವಿದ್ಯಾರ್ಥಿಗಳು ಮಾಡಲಿ. ಕೆಟ್ಟರೆ ದುರಸ್ತಿಯೂ ಕೊಪ್ಪಳದಲ್ಲಿಯೇ ಆಗುವದು. ಕಪಾಟಿಗೆ ಸೇರುವ ಭಯವೂ ಅಷ್ಟು ಕಡಿಮೆ.

ನಾವು ಕೇಳುವದು ಬಹಳವಿಲ್ಲ. ಮುನಿರಾಬಾದಿನ ಶಿಕ್ಷಕರ ತರಬೇತಿ ಸಂಸ್ಥೆಯು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ಕೆಲವೇ ಶಾಲೆಗಳನ್ನಾರಿಸಿ, ಮೊದಲೊಂದು ವರ್ಷ ಯಂತ್ರವಿಲ್ಲದೆ ಅಂಗಳದ ಆಟವನ್ನು ನಡೆಸಲಿ. ಎರಡನೆಯ ವರ್ಷ ಆಟಿಗೆ ಬರಲಿ. ಮಕ್ಕಳ ಲೆಕ್ಕವು ಮೊದಲು ಹೇಗಿತ್ತು, ಬಳಿಕ ಹೇಗಾಯಿತು ಎಂಬದನ್ನು ಅಳೆದು, ಗೆದ್ದಿದ್ದರೆ ಗೆದ್ದಿತೆಂದೂ ಸೋತಿದ್ದರೆ ಸೋತಿತೆಂದೂ ಜನರ ಮುಂದಿಡಲಿ. ಇದಕ್ಕಿಂತ ಮೊದಲು ಖಾಲಿಯಿರುವ ಶಿಕ್ಷಕರ ಹುದ್ದೆಗಳು ತುಂಬಲಿ. ಹಣವಿಲ್ಲವೆಂಬ ಮಾತು ಬೇಡ. ಹಿಂದುಳಿದ ಈ ಸೀಮೆಗಾಗಿಯೇ ಸಂವಿಧಾನಕ್ಕೆ 371ಜೆ ವಿಧಿಯು ಸೇರಿ ಹತ್ತು ವರ್ಷಗಳ ಮೇಲಾಯಿತು. ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಮುಂಗಡಪತ್ರಗಳಲ್ಲಿ 5,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಗಿದೆ. ಕಟ್ಟಡ ರಸ್ತೆಗಳಿಗೆ ಹರಿಯುವ ಆ ಹೊಳೆಯಿಂದ ಒಂದು ಬೊಗಸೆಯನ್ನು ಮಕ್ಕಳ ಎಣಿಕೆಗೆ ಕೊಡುವದು ಅಶಕ್ಯವೇ?

ಆಜ್ಞೆಯನ್ನು ಪಾಲಿಸುವದನ್ನು ನಮ್ಮ ಜನರು ತಲೆತಲಾಂತರ ಕಲಿತರು. ಯೋಚಿಸಿ ಆಜ್ಞೆ ಕೊಡುವದನ್ನು ಕಲಿಯುವ ಸರದಿಯು ಈಗ ಅವರ ಮಕ್ಕಳದು. ಯಲಬುರ್ಗಾದ ಕೂಲಿಯ ಮಗಳು ತಾನೇ ಎಣಿಸಿ, ತಾನೇ ತಪ್ಪಿ, ತಾನೇ ತಿದ್ದಿ, ಆಟಿಗೆಯನ್ನು ಏಳರ ಮನೆಗೆ ಮುಟ್ಟಿಸಲಿ. ಅಲ್ಲಿಂದ ಮುಂದಿನ ದಾರಿಯನ್ನು ಅವಳೇ ಎಣಿಸಿಕೊಳ್ಳುವಳು.